ಕಿರುಚಿತ್ರ ನಿರ್ದೇಶಕಿಯ ಉದ್ಯೋಗ

ಹೆಣ್ಣುಮಕ್ಕಳು ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿ ಹೊರಡುವ ಕಾಲದಲ್ಲಿ, ಮುಂದೆ ಅವರು ಯಾವ ಉದ್ಯೋಗವನ್ನು ಅವಲಂಬಿಸಬೇಕೆಂಬ ವಿಚಾರವು ಪಾಲಕರ ಮನಸ್ಸಿನಲ್ಲಿ ಸುಳಿದಾಡುವುದು ಸಹಜವೇ ಸರಿ. ಉಪಾಧ್ಯಾಯಿನಿಯ ಕೆಲಸ, ದಾದಿಯ ಕೆಲಸ, ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ, ಈಚೆಗೆ ಗಣಕಯಂತ್ರದ ಕೆಲಸ, ಇವಿಷ್ಟನ್ನು ಎಲ್ಲರೂ ಬಲ್ಲರು. ಆದರೆ ಈ ಕೆಲವು ವರ್ಷಗಳಿಂದ ಒಬ್ಬಿಬ್ಬರು ಹುಡುಗಿಯರು ನಮ್ಮ ಬಳಿಗೆ ಬಂದು, ತಾವು ಕಿರುಚಿತ್ರಗಳನ್ನು ನಿರ್ದೇಶಿಸುವವರಾಗಬೇಕೆಂದು ಹೇಳತೊಡಗಿದ್ದಾರೆ. ಅವರ ಹಿಂದೆಯೇ ತಂದೆತಾಯಂದಿರು ಬಂದು ಮೂರು ಪ್ರಶ್ನೆಗಳನ್ನು ಹಾಕುತ್ತಾರೆ: ಇದೂ ಒಂದು ಉದ್ಯೋಗವೇ? ಇದರಿಂದ ಹೊಟ್ಟೆ ತುಂಬುವುದೇ? ಮರ್ಯಾದಸ್ಥರ ಮನೆಯ ಮಗಳು ಮಾಡತಕ್ಕ ಕೆಲಸವೇ?

ಈ ಪ್ರಶ್ನೆಗಳನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಹೇಳಿಬಿಡುವುದೂ ಸಲ್ಲದು. ಆದಕಾರಣ, ನಮ್ಮ ರಾಜ್ಯದವರೇ ಆದ ಒಬ್ಬ ನಿರ್ದೇಶಕಿಯ ಕಾರ್ಯಚರಿತ್ರೆಯನ್ನು ಮುಂದಿಟ್ಟುಕೊಂಡು, ಈ ಉದ್ಯೋಗದಲ್ಲಿ ನಿಜವಾಗಿ ಏನೇನು ಮಾಡಬೇಕಾಗುತ್ತದೆ, ಯಾವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಪರಾಂಬರಿಕೆಗಾಗಿ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಹೆಸರುಗಳ ವಿಷಯ. ಅಮೇರಿಕದ ಆಸ್ಕರ್ ಪಾರಿತೋಷಕದ ನಿಯಮದಂತೆ, ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷಗಳನ್ನು ಮೀರದ ಚಿತ್ರವು ಕಿರುಚಿತ್ರವೆನಿಸುತ್ತದೆ. ಅದು ಕಲ್ಪಿತ ಕಥೆಯಾಗಿರಬಹುದು. ನಡೆದ ಸಂಗತಿಯನ್ನು ತೋರಿಸುವ ಸಾಕ್ಷ್ಯಚಿತ್ರವಾಗಿರಬಹುದು. ‘ಸ್ವತಂತ್ರ’ ಎಂಬ ವಿಶೇಷಣವು ಹಣಕ್ಕೆ ಸಂಬಂಧಪಟ್ಟದ್ದು. ಇಂತಹ ಕಥೆ ಬೇಕು, ಇಂತಹ ನಟಿ ಬೇಕು, ಇಷ್ಟು ಹಾಡು ಬೇಕು ಎಂದು ಅಪ್ಪಣೆ ಕೊಡುವ ಧನಿಕನೊಬ್ಬನು ಇಲ್ಲದೆ, ವಿಷಯವನ್ನು ತಾನೇ ಆರಿಸಿಕೊಂಡು, ಹಣವನ್ನು ಅಲ್ಲಲ್ಲಿ ಕೂಡಿಸಿಕೊಂಡು ಚಿತ್ರ ತೆಗೆಯುವವರನ್ನು ಸ್ವತಂತ್ರ ನಿರ್ದೇಶಕರೆನ್ನುತ್ತಾರೆ. ಹಾಗೆಂದ ಮಾತ್ರಕ್ಕೆ ಅವರಿಗೆ ಯಾರ ಹಂಗೂ ಇಲ್ಲವೆಂದು ತಿಳಿಯಬಾರದು. ಹಂಗು ಬೇರೆ ಕಡೆಗೆ ತಿರುಗುತ್ತದೆ. ಯಾರ ಬಾಳನ್ನು ಚಿತ್ರಿಸುತ್ತಾರೋ ಅವರ ಹಂಗು ಅದು.

ನಾವು ಹೇಳಹೊರಟಿರುವುದು ಬೆಂಗಳೂರನ್ನು ನೆಲೆಯಾಗಿಸಿಕೊಂಡ ಶ್ರೀಮತಿ ದೀಪಾ ಧನರಾಜ್ ಅವರ ವಿಚಾರ. ಅವರ ಕೆಲಸದ ಹೊಸತನವು ತಿಳಿಯಬೇಕಾದರೆ ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ಕಿರುಚಿತ್ರವೆಂದರೆ ಏನಿತ್ತೆಂಬುದನ್ನು ನೆನೆಯಬೇಕು. 1948ರಲ್ಲಿ ಭಾರತ ಸರಕಾರವು ಫಿಲ್ಮ್ಸ್ ಡಿವಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. 2022ರಲ್ಲಿ ಅದು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು. ಈ ಸಂಸ್ಥೆಯು ತಯಾರಿಸಿದ ವಾರ್ತಾಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ಚಿತ್ರಮಂದಿರದವರು ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕೆಂಬ ಕಟ್ಟಳೆಯಿತ್ತು. ಡೇರೆಯ ಟೂರಿಂಗ್ ಟಾಕೀಸುಗಳಲ್ಲಿ ಮರಳಿನ ಮೇಲೆ ಕುಳಿತು ನೋಡಿದ ಹಿರಿಯ ಪಾಲಕರಿಗೆ ಅವು ನೆನಪಿರಬಹುದು. ಅಣೆಕಟ್ಟು ಕಾಣಿಸುತ್ತಿತ್ತು, ಕಾರ್ಖಾನೆ ಕಾಣಿಸುತ್ತಿತ್ತು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸೂ ಕಾಣಿಸುತ್ತಿದ್ದಳು. ಆದರೆ ಮಾತನಾಡುತ್ತಿದ್ದವನು ಮಾತ್ರ ಎಲ್ಲಿಯೂ ಕಾಣಿಸದ ಒಬ್ಬ ಗಂಭೀರ ಕಂಠದ ಗಂಡಸು. ಬುಟ್ಟಿ ಹೊತ್ತವಳು ತನ್ನ ಬುಟ್ಟಿಯ ಭಾರವೆಷ್ಟೆಂದು ತಾನಾಗಿ ಹೇಳಿದುದನ್ನು ಕೇಳಿದವರು ವಿರಳ. ಆ ಚಿತ್ರಗಳೆಲ್ಲ ಕಳಪೆಯೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಒಳ್ಳೆಯವೂ ಇದ್ದುವು. ಆದರೆ ಅವು ಆಳುವವರ ಕಣ್ಣಿನಿಂದ ಕಂಡ ನಾಡು.

1975ರಿಂದ 1977ರ ವರೆಗಿನ ತುರ್ತುಪರಿಸ್ಥಿತಿಯ ಆಸುಪಾಸಿನಲ್ಲಿ ಈ ರೀತಿಗೆ ಹೊರತಾದ ಚಿತ್ರಗಳು ಹುಟ್ಟತೊಡಗಿದುವು. ಆನಂದ ಪಟವರ್ಧನರ ಹೆಸರನ್ನು ವಾಚಕರಲ್ಲಿ ಕೆಲವರು ಕೇಳಿರಬಹುದು. ಅದೇ ಪ್ರವಾಹದಲ್ಲಿ, 1980ರಲ್ಲಿ, ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ಛಾಯಾಗ್ರಾಹಕರಾದ ನವರೋಜ್ ಕಾಂಟ್ರಾಕ್ಟರ್ ಇವರು ಕೂಡಿ ‘ಯುಗಾಂತರ’ವೆಂಬ ಚಿತ್ರಮಂಡಲಿಯನ್ನು ಕಟ್ಟಿದರು. ಸ್ತ್ರೀಯರ ಸಂಗತಿಗಳನ್ನೇ ಗುರಿಯಾಗಿಟ್ಟುಕೊಂಡು ನಮ್ಮ ದೇಶದಲ್ಲಿ ಹುಟ್ಟಿದ ಮೊದಲನೆಯ ಚಿತ್ರಮಂಡಲಿಯೆಂದು ಅದನ್ನು ಬಲ್ಲವರು ಎಣಿಸುತ್ತಾರೆ. ನವರೋಜ್ ಅವರು ಮಣಿ ಕೌಲರ 1973ರ ‘ದುವಿಧಾ’ ಚಿತ್ರವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಆಗಲೇ ಹೆಸರು ಪಡೆದಿದ್ದವರು. ದೀಪಾ ಅವರ ಪತಿ. 2023ರಲ್ಲಿ ಅವರು ತೀರಿಕೊಂಡರು.

ಈ ಮಂಡಲಿಯ ಮೊದಲನೆಯ ಚಿತ್ರ 1981ರ ‘ಮೋಲಕರೀಣ್’, ಅಂದರೆ ಮನೆಗೆಲಸದವಳು. ಪುಣೆಯಲ್ಲಿ ಪಾತ್ರೆ ತಿಕ್ಕುವ, ಬಟ್ಟೆ ಒಗೆಯುವ ಹೆಂಗಸರು 1980ರಲ್ಲಿ ಕೆಲಸ ನಿಲ್ಲಿಸಿ ಸಂಘ ಕಟ್ಟಿದ್ದರು. ಅದರ ಕಥೆ ಇದು. ಎರಡನೆಯದೇ ನಮ್ಮ ನಾಡಿಗೆ ಸೇರಿದುದು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಬೀಡಿಯ ಹೊಗೆಸೊಪ್ಪನ್ನು ಹದಗೊಳಿಸುವ ಕಾರ್ಖಾನೆಗಳಿದ್ದು, ಅವುಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಬಹಳ. ಸೊಪ್ಪಿನ ಧೂಳು ಮೂಗು ಗಂಟಲುಗಳನ್ನು ಹೊಕ್ಕು ಕೆಮ್ಮು ವಾಂತಿಗಳನ್ನುಂಟುಮಾಡುವುದು, ಹೊತ್ತು ಮುಳುಗುವವರೆಗೆ ದುಡಿತ, ಕೂಲಿ ಅತ್ಯಲ್ಪ, ಮೇಲಾಳುಗಳಿಂದ ಅವಮಾನ. ಈ ಹೆಂಗಸರು ಸಂಘಟಿತರಾಗಿ ಮುಷ್ಕರ ಹೂಡಿದರು. ಅದನ್ನು ಕುರಿತ 25 ನಿಮಿಷಗಳ ಚಿತ್ರ ‘ತಂಬಾಖು ಚಾಕೀಲಾ ಊಬ್ ಆಲೀ’ 1982ರಲ್ಲಿ ತಯಾರಾಯಿತು. ಆಂಗ್ಲ ಭಾಷೆಯಲ್ಲಿ ಅದಕ್ಕೆ ತಂಬಾಕಿನ ಕೆಂಡಗಳು ಎಂಬರ್ಥದ ಹೆಸರಿದೆ.

ಇಲ್ಲಿ ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ಚಿತ್ರವು 25 ನಿಮಿಷಗಳದು. ಅದಕ್ಕಾಗಿ ಮಂಡಲಿಯವರು ನಿಪ್ಪಾಣಿಯ ಹೆಂಗಸರೊಂದಿಗೆ ಕಳೆದುದು ನಾಲ್ಕು ತಿಂಗಳು.

ಅಷ್ಟು ಕಾಲ ಅವರು ಏನು ಮಾಡಿದರು? ಕ್ಯಾಮೆರಾ ತಿರುಗಿಸುತ್ತಲೇ ಇದ್ದರೆಂದು ಊಹಿಸಿದರೆ ತಪ್ಪಾಗುತ್ತದೆ. ಅಂದಿನ ದಿನಗಳಲ್ಲಿ ಇಂತಹ ಚಿತ್ರಗಳನ್ನು 16 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ತೆಗೆಯುತ್ತಿದ್ದರು. ಆ ಫಿಲ್ಮಿನ ಒಂದು ಅಡಿಯಲ್ಲಿ 40 ಚಿತ್ರಗಳು. ಸೆಕೆಂಡಿಗೆ 24 ಚಿತ್ರಗಳು ಓಡಬೇಕು. ಹಾಗಾದರೆ ನಿಮಿಷಕ್ಕೆ 36 ಅಡಿ ಬೇಕಾಗುತ್ತದೆ. 400 ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಗಳಲ್ಲಿ ತೀರಿಹೋಗುವುದು. 25 ನಿಮಿಷಗಳ ಚಿತ್ರಕ್ಕೆ 900 ಅಡಿ, ಅಂದರೆ 36,000 ಬಿಡಿ ಚಿತ್ರಗಳು. ಬೇಕಾದುದರ ಹತ್ತರಷ್ಟನ್ನು ತೆಗೆದು ಒಳ್ಳೆಯದನ್ನು ಆರಿಸಿಕೊಳ್ಳುತ್ತೇನೆಂದರೆ 9,000 ಅಡಿ, ಇಪ್ಪತ್ತೆರಡೂವರೆ ಸುರುಳಿ. ಪ್ರತಿಯೊಂದು ಸುರುಳಿಗೂ ಕೊಳ್ಳುವ ಹಣ, ತೊಳೆಯುವ ಹಣ, ಪ್ರತಿ ತೆಗೆಸುವ ಹಣ. (ಗಣಿತದ ತರಗತಿಯಲ್ಲಿ ಈ ಲೆಕ್ಕವನ್ನು ಕೊಟ್ಟುನೋಡಿದೆವು, ತೊಟ್ಟಿಗೆ ನೀರು ತುಂಬುವ ಲೆಕ್ಕಕ್ಕಿಂತ ಹುಡುಗಿಯರು ಇದನ್ನು ಬೇಗ ಮಾಡಿದರು.) ಹೀಗಿರುವಾಗ ಗುಂಡಿಯನ್ನು ಒತ್ತುವ ಮುಂಚೆ ಏನನ್ನು ತೆಗೆಯಬೇಕೆಂಬುದು ನಿಶ್ಚಯವಾಗಿರಲೇಬೇಕು. ಆ ನಿಶ್ಚಯಕ್ಕೆ ಬೇಕಾದುದೇ ನಾಲ್ಕು ತಿಂಗಳು. ಹೆಂಗಸರ ಮಾತನ್ನು ಕೇಳುವುದು, ಅವರೊಡನೆ ಚರ್ಚಿಸುವುದು, ಧ್ವನಿಮುದ್ರಿಸಿಕೊಳ್ಳುವುದು, ಯಾವುದನ್ನು ತೋರಿಸಬೇಕು ಯಾವುದನ್ನು ತೋರಿಸಬಾರದು ಎಂದು ಅವರಿಂದಲೇ ತಿಳಿಯುವುದು. ಚಿತ್ರದಲ್ಲಿ ನಾವು ಕೇಳುವ ನಿರೂಪಣೆಯು ಇಂತಹ ಮಾತುಕತೆಗಳಿಂದ ಹುಟ್ಟಿದುದು. ಕಾಣಿಸದ ಗಂಡಸಿನ ಆ ಗಂಭೀರ ಕಂಠವು ಇಲ್ಲಿಲ್ಲ. ಬುಟ್ಟಿ ಹೊತ್ತವಳೇ ಬುಟ್ಟಿಯ ಭಾರವನ್ನು ಹೇಳುತ್ತಾಳೆ.

ಇನ್ನೊಂದು ವಿಷಯದಲ್ಲಿ ತಿಳಿದವರೊಳಗೇ ಭಿನ್ನಾಭಿಪ್ರಾಯವುಂಟು. ಚಿತ್ರಮಂಡಲಿಯು ನಿಪ್ಪಾಣಿಗೆ ಹೋಗುವಷ್ಟರಲ್ಲಿ ಹೋರಾಟದ ಕೆಲವು ಘಟ್ಟಗಳು ನಡೆದುಹೋಗಿದ್ದುವು. ಅವನ್ನು ಹೆಂಗಸರು ಕ್ಯಾಮೆರಾದ ಮುಂದೆ ಮತ್ತೊಮ್ಮೆ ನಡೆಸಿ ತೋರಿಸಿದರು. ನಡೆದುದನ್ನು ಪುನಃ ಅಭಿನಯಿಸಿದರೆ ಅದು ಸಾಕ್ಷ್ಯವೆನಿಸೀತೇ, ನಾಟಕವಾಗದೇ ಎಂದು ಕೇಳುವವರಿದ್ದಾರೆ. ನಮ್ಮ ಅಭಿಪ್ರಾಯ ಹೀಗಿದೆ: ಅಭಿನಯಿಸುವವರು ಸಂಬಳದ ನಟಿಯರಾಗಿದ್ದರೆ ಆಕ್ಷೇಪಣೆಗೆ ಬಲವಿರುತ್ತಿತ್ತು. ತಾನು ಅನುಭವಿಸಿದ್ದನ್ನು ತಾನೇ ನಡೆಸಿ ತೋರಿಸುವವಳು, ನ್ಯಾಯಸ್ಥಾನದಲ್ಲಿ ನಿಂತು ನಡೆದ ಸಂಗತಿಯನ್ನು ವಿವರಿಸುವ ಸಾಕ್ಷಿಯಂತೆಯೇ ಅಲ್ಲವೇ? ಆದರೂ ನೋಡುವವರಿಗೆ ಅದು ತಿಳಿದಿರತಕ್ಕದ್ದು ನ್ಯಾಯ. ಇದರಲ್ಲಿ ಆಕ್ಷೇಪಿಸುವವರ ಪಕ್ಷವನ್ನೂ ನಾವು ಬಿಟ್ಟುಕೊಡಲಾರೆವು.

1983ರಲ್ಲಿ ಎರಡು ಚಿತ್ರಗಳು ಹೊರಬಂದುವು. ‘ಸುದೇಶಾ’ ಎಂಬುದು ಹಿಮಾಲಯದ ತಪ್ಪಲಿನಲ್ಲಿ ಮರಗಳನ್ನು ಅಪ್ಪಿ ಉಳಿಸಿದ ಚಿಪ್ಕೋ ಚಳುವಳಿಯ ಹಳ್ಳಿಯ ಹೆಂಗಸೊಬ್ಬಳನ್ನು ಕುರಿತದ್ದು. ಮತ್ತೊಂದು ತೆಲುಗಿನ ‘ಇದಿ ಕಥಾ ಮಾತ್ರಮೇನಾ’, ಅಂದರೆ, ಇದು ಬರಿಯ ಕಥೆಯೇ? ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೊಡನೆ ಕೂಡಿ ಮಾಡಿದ ಈ ಚಿತ್ರವು ಕಲ್ಪಿತ ಕಥೆ. ಮಧ್ಯಮ ವರ್ಗದ ಮನೆಯೊಂದರಲ್ಲಿ ಬಾಗಿಲು ಮುಚ್ಚಿದ ಮೇಲೆ ಗೃಹಿಣಿಯ ಮೇಲೆ ನಡೆಯುವ ದೌರ್ಜನ್ಯವು ಅದರ ವಸ್ತು. ಕಾರ್ಖಾನೆಯ ಹೆಂಗಸರು ಬೀದಿಯಲ್ಲಿ ಕೂಗಿ ಹೇಳಿದುದನ್ನು ಮುಚ್ಚಿದ ಮನೆಯ ಗೃಹಿಣಿ ಯಾರಿಗೂ ಹೇಳಲಾರಳು. ಆದುದರಿಂದ ಅಲ್ಲಿ ಸಾಕ್ಷ್ಯಚಿತ್ರದ ಬದಲು ಕಥೆಯನ್ನೇ ಆರಿಸಿಕೊಂಡುದು ಬಹಳ ವಿವೇಕದ ಕೆಲಸವೆಂದು ನಮಗೆ ತೋರುತ್ತದೆ. ಪಾಲಕರು ಸಂಕೋಚಪಡದೆ ನೋಡತಕ್ಕ ಚಿತ್ರವಿದು.

ಈ ಚಿತ್ರಗಳು ಎಲ್ಲಿ ತೋರಿಸಲ್ಪಟ್ಟವು? ಯಾವ ಟಾಕೀಸಿಗೂ ಅವು ಬರಲಿಲ್ಲ. ಪ್ರೊಜೆಕ್ಟರನ್ನೂ ಪರದೆಯನ್ನೂ ಹೊತ್ತುಕೊಂಡು ಸಂಘಗಳ ಸಭೆಗಳಿಗೆ, ಕೆಲಸಗಾರರ ಕೇರಿಗಳಿಗೆ ಹೋಗಿ ತೋರಿಸುವುದು, ತೋರಿಸಿದ ಮೇಲೆ ಅಲ್ಲಿಯೇ ಕುಳಿತು ಮಾತನಾಡುವುದು. ಇದೇ ಅವುಗಳ ಪ್ರದರ್ಶನ. ಚಿತ್ರ ಮುಗಿದೊಡನೆ ಎದ್ದು ಹೋಗುವ ಪ್ರೇಕ್ಷಕರಿಗಾಗಿ ಮಾಡಿದ ಚಿತ್ರಗಳಲ್ಲ ಅವು.

ಮುಂದಿನ ದಿನಗಳಲ್ಲಿ ದೀಪಾ ಅವರ ಚಿತ್ರಗಳು ಉದ್ದವಾದುವು. 1984ರ ಹೈದರಾಬಾದಿನ ಗಲಭೆಗಳನ್ನು ಕುರಿತ ‘ಕ್ಯಾ ಹುವಾ ಇಸ್ ಶಹರ್ ಕೋ’ 1986ರಲ್ಲಿ ಬಂದಿತು. 1991ರಲ್ಲಿ ಬ್ರಿಟನ್ನಿನ ಚಾನೆಲ್ ಫೋರ್ ಎಂಬ ದೂರದರ್ಶನ ಸಂಸ್ಥೆಯ ನೆರವಿನಿಂದ ‘ಸಮ್‌ಥಿಂಗ್ ಲೈಕ್ ಎ ವಾರ್’ ಎಂಬ ಚಿತ್ರವನ್ನು ಮಾಡಿದರು. ಕುಟುಂಬ ಯೋಜನೆಯ ಹೆಸರಿನಲ್ಲಿ ಹೆಂಗಸರಿಗೆ ಶಿಬಿರಗಳಲ್ಲಿ ಸಾಲಾಗಿ ಶಸ್ತ್ರಚಿಕಿತ್ಸೆ ಮಾಡುವ ದೃಶ್ಯವೂ, ತಾನು ಮಾಡಿದ ಚಿಕಿತ್ಸೆಗಳ ಲೆಕ್ಕವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ವೈದ್ಯನೂ ಅದರಲ್ಲಿದ್ದಾರೆ. ಅದಕ್ಕೆ ಎದುರಾಗಿ, ಒಂದೆಡೆ ವರ್ತುಲವಾಗಿ ಕುಳಿತ ಹಳ್ಳಿಯ ಹೆಂಗಸರು ತಮ್ಮ ದೇಹವನ್ನು ತಾವು ಬಲ್ಲಂತೆ ಒಬ್ಬರಿಗೊಬ್ಬರು ವಿವರಿಸುತ್ತಾರೆ. ವಾದ ಮಾಡದೆ ಎರಡನ್ನೂ ಅಕ್ಕಪಕ್ಕದಲ್ಲಿರಿಸಿದುದೇ ಆ ಚಿತ್ರದ ಬಲ. ಅನಂತರ 2011ರಲ್ಲಿ, ತಮಿಳುನಾಡಿನಲ್ಲಿ ಮುಸಲ್ಮಾನ ಸ್ತ್ರೀಯರು ತಮ್ಮದೇ ಜಮಾಅತನ್ನು ಕಟ್ಟಿಕೊಂಡು ನ್ಯಾಯ ಕೇಳಿದ ವೃತ್ತಾಂತವನ್ನೂ, 2018ರಲ್ಲಿ ಹೈದರಾಬಾದಿನ ವಿದ್ಯಾರ್ಥಿ ರೋಹಿತ್ ವೇಮುಲನ ಮರಣದ ತರುವಾಯದ ಚಳುವಳಿಯನ್ನೂ ಚಿತ್ರಿಸಿದರು. ಕೇರಳದ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರ ಉತ್ಸವವು 2023ರಲ್ಲಿ ಅವರ ಜೀವಮಾನದ ಸಾಧನೆಯನ್ನು ಗೌರವಿಸಿತು. ಮೊದಲ ಚಿತ್ರದಿಂದ ಈ ಗೌರವದ ವರೆಗೆ ನಲವತ್ತೆರಡು ವರ್ಷಗಳು.

ಇನ್ನು ನಮ್ಮ ಸೀಮೆಯವರಿಗೆ ಇದೆಲ್ಲ ದೂರದ ಮಾತೆಂದು ತೋರಬಹುದು. ಹಾಗೆ ತೋರಬೇಕಾದುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಕಂಡಿದ್ದಾರೆ. ಆತನು ನುಡಿಯುವುದು ಒಂದೇ ವಾಕ್ಯ. ಅದಕ್ಕಾಗಿ ಆತನು ಹನ್ನೊಂದು ದಿನ ಉಪವಾಸವಿರುತ್ತಾನೆ. ಜನರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಕೇಳಿದ ಮೇಲೆ ಮಳೆಗೋ ಬೆಳೆಗೋ ರಾಜಕಾರಣಕ್ಕೋ ಅದನ್ನು ಹೊಂದಿಸಿ ವರ್ಷವಿಡೀ ಚರ್ಚಿಸುತ್ತಾರೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಾವು ಹೇಳುವುದು ಅದರ ಅಳತೆಯ ವಿಷಯ. ನುಡಿಯು ಚಿಕ್ಕದು, ಅದರ ಹಿಂದಿನ ಸಿದ್ಧತೆ ದೀರ್ಘವಾದುದು, ಮುಂದಿನ ಮಾತುಕತೆ ಇನ್ನೂ ದೀರ್ಘವಾದುದು. ಕಿರುಚಿತ್ರದ ಅಳತೆಯೂ ಇಂತಹದೇ.

ಇದಕ್ಕೆ ವಿರೋಧವಾಗಿ ತೋರುವ ಒಂದು ಉದಾಹರಣೆಯನ್ನು ನಮ್ಮ ಹುಡುಗಿಯರು ತಪ್ಪದೆ ಮುಂದಿಡುತ್ತಾರೆ. ಅದನ್ನು ಇಲ್ಲಿಯೇ ವಿಚಾರಿಸುವುದು ಮೇಲು. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ, ಚಿತ್ರಶಾಲೆಗಳ ವಿದ್ಯಾರ್ಥಿಗಳಿಗಾಗಿ ನಡೆಯುವ ‘ಲಾ ಸಿನೆಫ್’ ವಿಭಾಗದ ಪ್ರಥಮ ಬಹುಮಾನವು 16 ನಿಮಿಷಗಳ ಒಂದು ಕನ್ನಡ ಕಿರುಚಿತ್ರಕ್ಕೆ ಬಂದಿತು. ಸೂರ್ಯಕಾಂತಿ ಹೂಗಳಿಗೆ ಮೊದಲು ತಿಳಿಯಿತು ಎಂಬರ್ಥದ ಹೆಸರು ಅದರದು. ಜಗತ್ತಿನ 555 ಚಿತ್ರಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ 18ನ್ನು ಆಯ್ದು, ಆ ಹದಿನೆಂಟರಲ್ಲಿ ಇದಕ್ಕೆ ಮೊದಲ ಸ್ಥಾನವನ್ನಿತ್ತರು. ನಿರ್ದೇಶಕರು ಮೈಸೂರಿನಲ್ಲಿ ವೈದ್ಯಶಾಸ್ತ್ರವನ್ನೋದಿ ಎಂ.ಬಿ.ಬಿ.ಎಸ್. ಪದವಿ ಪಡೆದ ಚಿದಾನಂದ ಎಸ್. ನಾಯ್ಕ್. ವೈದ್ಯವೃತ್ತಿಯನ್ನು ಬಿಟ್ಟು ಪುಣೆಯ ಚಲಚ್ಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಒಂದು ವರ್ಷದ ದೂರದರ್ಶನ ನಿರ್ದೇಶನ ತರಗತಿಯನ್ನು ಅವರು ಸೇರಿದ್ದರು. ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಂ; ಎಲ್ಲರೂ ವಿದ್ಯಾರ್ಥಿಗಳೇ. ವರ್ಷಾಂತ್ಯದಲ್ಲಿ ನಾಲ್ಕು ವಿಭಾಗಗಳವರು ಕೂಡಿ ಮಾಡಬೇಕಾದ ಅಭ್ಯಾಸಚಿತ್ರವಿದು. ತೆಗೆಯಲು ಅವರಿಗೆ ದೊರೆತುದು ನಾಲ್ಕು ದಿನ. ನಾಲ್ಕು ತಿಂಗಳೆಲ್ಲಿ, ನಾಲ್ಕು ದಿನವೆಲ್ಲಿ ಎಂದು ನಮ್ಮ ಹುಡುಗಿಯರು ಕೇಳುತ್ತಾರೆ.

ಉತ್ತರವು ಆ ಕಥೆಯಲ್ಲಿಯೇ ಇದೆ. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ ಅಜ್ಜಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡ ಮಗುವುಂಟೇ? ಕೋಳಿಯನ್ನೆತ್ತಿಕೊಂಡು ಅಜ್ಜಿಯು ಊರು ಬಿಡುತ್ತಾಳೆ. ಸೂರ್ಯನು ಎಂದಿನಂತೆ ಮೂಡುತ್ತಾನೆ. ಜಂಬ ಕೂಡದೆಂದು ನಾವು ಪಾಠ ಹೇಳಿ ಪುಸ್ತಕ ಮುಚ್ಚುತ್ತೇವೆ. ಈ ಚಿತ್ರದಲ್ಲಿ ಮುದುಕಿಯು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಸೂರ್ಯನು ನಿಜವಾಗಿಯೂ ಮೂಡುವುದಿಲ್ಲ. ಊರು ಕತ್ತಲೆಯಲ್ಲಿ ಮುಳುಗಿ, ಭವಿಷ್ಯವಾಣಿಯನ್ನು ಮುಂದೊಡ್ಡಿ, ಅವಳ ಕುಟುಂಬಕ್ಕೆ ಬಹಿಷ್ಕಾರ ವಿಧಿಸುತ್ತದೆ. ನಾವು ಇಷ್ಟು ದಿನ ನಗುತ್ತಿದ್ದ ಮುದುಕಿಯ ನಂಬಿಕೆಯನ್ನೇ ನಿಜವೆಂದಿಟ್ಟುಕೊಂಡು ಕಥೆಯನ್ನು ಮೊದಲಿನಿಂದ ನೋಡಿದಾಗ ನಗಬೇಕಾದವರು ಯಾರೆಂಬುದು ಬದಲಾಗಿಬಿಡುತ್ತದೆ. ಇಂತಹ ಯೋಚನೆಯು ನಾಲ್ಕು ದಿನಗಳಲ್ಲಿ ಹುಟ್ಟತಕ್ಕದ್ದಲ್ಲ. ಬಾಲ್ಯದಿಂದ ಈ ಕಥೆಯನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಬಂದುದಾಗಿ ನಿರ್ದೇಶಕರು ಹೇಳಿದ್ದಾರೆ. ಕ್ಯಾಮೆರಾ ಓಡಿದುದು ನಾಲ್ಕು ದಿನ. ಕೇಳಿದುದು ಇಪ್ಪತ್ತು ವರ್ಷ. ಆ ಚಿತ್ರಕಥೆಗೆ 2025ರಲ್ಲಿ ಘೋಷಿತವಾದ 71ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಯೂ ಬಂದಿತು. ಹೆಸರಿನ ವಿಷಯದಲ್ಲಿ ಒಂದು ಮಾತು: ಎಳೆಯ ಸೂರ್ಯಕಾಂತಿಯು ಹೊತ್ತಿನೊಡನೆ ತಿರುಗುತ್ತದೆ, ಬಲಿತ ಹೂವು ಮೂಡಣಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಹೊತ್ತು ಮೂಡದ ಸುದ್ದಿ ಅದಕ್ಕೆ ಮೊದಲು ತಿಳಿಯದೆ ಮತ್ತಾರಿಗೆ ತಿಳಿದೀತೆಂಬುದನ್ನು ಆ ಬೆಳೆಯನ್ನು ಕಂಡ ಕೊಟ್ಟೂರು, ಕೂಡ್ಲಿಗಿಗಳ ರೈತರಿಗೆ ನಾವು ವಿವರಿಸಬೇಕಾದುದಿಲ್ಲ.

ಅದೇ ವರ್ಷ ಅದೇ ಸ್ಪರ್ಧೆಯ ತೃತೀಯ ಬಹುಮಾನವು ಮೀರತ್ತಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕಲಿತ ಮಾನ್ಸಿ ಮಾಹೇಶ್ವರಿಗೆ ಬಂದಿತೆಂಬುದನ್ನೂ, 2020ರಲ್ಲಿ ಪುಣೆಯ ಸಂಸ್ಥೆಯ ಅಶ್ಮಿತಾ ಗುಹಾ ನಿಯೋಗಿ ಎಂಬಾಕೆ ಪ್ರಥಮ ಬಹುಮಾನ ಪಡೆದಿದ್ದಳೆಂಬುದನ್ನೂ ಹೆಣ್ಣುಮಕ್ಕಳ ತಂದೆಗಳಿಗೆ ತಿಳಿಸಬೇಕಾದುದು ನಮ್ಮ ಕರ್ತವ್ಯ. ಕ್ಯಾಮೆರಾದ ಭಾರ ಗಂಡಸರೇ ಹೊರತಕ್ಕದ್ದೆಂಬ ಮಾತೂ ಹಳೆಯದಾಯಿತು. ನಮ್ಮ ಬಿ. ಆರ್. ಪಂತುಲು ಅವರ ಮಗಳು ಬಿ. ಆರ್. ವಿಜಯಲಕ್ಷ್ಮಿಯವರು 1980ರ ದಶಕದಲ್ಲಿಯೇ ಛಾಯಾಗ್ರಾಹಕಿಯಾಗಿ ದೊಡ್ಡ ಚಿತ್ರಗಳನ್ನು ತೆಗೆದರು.

ಈಗ ಫಿಲ್ಮಿನ ಸುರುಳಿಗಳ ಖರ್ಚು ಇಲ್ಲ. ಕೈಯಲ್ಲಿರುವ ದೂರವಾಣಿಯೇ ಕ್ಯಾಮೆರಾ. ಎಷ್ಟು ತೆಗೆದರೂ ಕಾಸಿಲ್ಲ. ಇದರಿಂದ ಉದ್ಯೋಗವು ಸುಲಭವಾಯಿತೆಂದು ಹುಡುಗಿಯರು ಭಾವಿಸುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಸುರುಳಿ ದುಬಾರಿಯಾಗಿದ್ದಾಗ ಅದು ತಾನಾಗಿಯೇ ನಿರ್ದೇಶಕಿಯ ಕೈಯನ್ನು ತಡೆದು, ಮೊದಲು ಕೇಳು, ಆಮೇಲೆ ತೆಗೆ ಎನ್ನುತ್ತಿತ್ತು. ಈಗ ತಡೆಯುವವರಿಲ್ಲ. ಹಿಂದಿನ ವರ್ಷ ನಮ್ಮ ಹತ್ತನೆಯ ತರಗತಿಯವರು ಹುಣಿಸೆಹಣ್ಣು ಬಿಡಿಸುವ ಹೆಂಗಸರನ್ನು ಕುರಿತು ಐದು ನಿಮಿಷಗಳ ಚಿತ್ರವೊಂದನ್ನು ಮಧ್ಯಾಹ್ನದ ವಿರಾಮದಲ್ಲಿ ತೆಗೆದು ಸಾಯಂಕಾಲಕ್ಕೆ ನಮಗೆ ತೋರಿಸಿದರು. ಕೈಗಳು ಅಂದವಾಗಿ ಕಾಣಿಸಿದುವು, ಹಿಂದೆ ಹಾಡು ಕೇಳಿಸಿತು. ಕಿಲೋವಿಗೆ ಕೂಲಿಯೆಷ್ಟೆಂದು ನಾವು ಕೇಳಿದಾಗ ಒಬ್ಬಳಿಗೂ ಗೊತ್ತಿರಲಿಲ್ಲ. ಮರುವಾರ ಅವರು ಕ್ಯಾಮೆರಾ ಇಲ್ಲದೆ ಹೋಗಿ ಕುಳಿತರು. ಆ ಚಿತ್ರವು ಇನ್ನೂ ಮುಗಿದಿಲ್ಲ. ಅದರ ಬಗ್ಗೆ ನಮಗೆ ಸಂತೋಷವೇ ಇದೆ.

ಹೊಟ್ಟೆ ತುಂಬುವುದೇ ಎಂಬ ಪ್ರಶ್ನೆಗೆ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು. ಸ್ವತಂತ್ರ ಕಿರುಚಿತ್ರದಿಂದ ಟಿಕೆಟ್ಟಿನ ಹಣ ಬರುವುದಿಲ್ಲ. ಸಂಬಳವಿಲ್ಲ, ನಿವೃತ್ತಿವೇತನವಿಲ್ಲ. ಒಂದು ಚಿತ್ರಕ್ಕೆ ಒಂದು ಸಂಸ್ಥೆಯ ನೆರವು ದೊರೆತರೆ ಇನ್ನೊಂದಕ್ಕೆ ದೊರೆಯುವುದೆಂಬ ಭರವಸೆಯಿಲ್ಲ. ಬಹುಮಂದಿ ನಿರ್ದೇಶಕರು ಪರರಿಗಾಗಿ ಚಿತ್ರಗಳನ್ನು ಮಾಡಿಕೊಟ್ಟು, ಪಾಠ ಹೇಳಿ, ಸಂಕಲನದ ಕೆಲಸ ಮಾಡಿ ಜೀವನ ಸಾಗಿಸುತ್ತಾ, ಉಳಿದ ಕಾಲವನ್ನು ತಮ್ಮ ಚಿತ್ರಕ್ಕೆ ಕೊಡುತ್ತಾರೆ. ಆದುದರಿಂದ ಈ ದಾರಿಗೆ ಮನಸೋತ ಹುಡುಗಿಯು ಮೊದಲು ಪದವಿಯೊಂದನ್ನು ಪಡೆದಿರಬೇಕೆಂಬುದು ನಮ್ಮ ನಿಷ್ಠುರವಾದ ಅಭಿಪ್ರಾಯ. ಪುಣೆಯ ಸಂಸ್ಥೆಯ ಆ ಒಂದು ವರ್ಷದ ತರಗತಿಗೂ ಪದವೀಧರರಾಗಿ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನೇ ತೆಗೆದುಕೊಳ್ಳುತ್ತಾರೆ. ಪದವಿಯು ಯಾವುದಾದರೂ ಆಗಬಹುದು. ನಾವಾದರೋ ಚರಿತ್ರೆಯನ್ನೋ ಸಮಾಜಶಾಸ್ತ್ರವನ್ನೋ ಓದಿರೆನ್ನುತ್ತೇವೆ. ವೈದ್ಯರ ಉದಾಹರಣೆ ಮೇಲೆ ಹೇಳಿದ್ದೇವಾದುದರಿಂದ ಈ ಮಾತಿಗೆ ಹುಡುಗಿಯರು ಕಿವಿಗೊಡುವುದಿಲ್ಲ.

ಮರ್ಯಾದೆಯ ಪ್ರಶ್ನೆಗೆ ಬಹಳ ಹೇಳಬೇಕಾದುದಿಲ್ಲ. ಊರೂರು ತಿರುಗುವುದು, ಅಪರಿಚಿತರ ನಡುವೆ ಇರುವುದು, ರಾತ್ರಿ ಕೆಲಸ ಮಾಡುವುದು ಇದರಲ್ಲಿ ಉಂಟು. ದಾದಿಯ ಕೆಲಸದಲ್ಲಿಯೂ ಉಂಟು. ಒಂದು ಕಾಲದಲ್ಲಿ ದಾದಿಯ ಕೆಲಸಕ್ಕೆ ಮಗಳನ್ನು ಕಳುಹಿಸಲು ಹಿಂಜರಿದ ಮನೆತನಗಳು ಇಂದು ಅದೇ ಕೆಲಸಕ್ಕಾಗಿ ಶಿಫಾರಸು ಪತ್ರ ಕೇಳಲು ನಮ್ಮ ಕಚೇರಿಗೆ ಬರುತ್ತವೆ. ಜೊತೆಗಾರರು ಯಾರು, ವಸತಿಯೆಲ್ಲಿ, ಲೆಕ್ಕಪತ್ರ ಯಾರ ಕೈಯಲ್ಲಿದೆ ಎಂದು ತಂದೆತಾಯಂದಿರು ವಿಚಾರಿಸುವುದು ಯುಕ್ತವೇ, ವಿಚಾರಿಸದಿರುವುದೇ ತಪ್ಪು.

ಯುಗಾಂತರದ ಚಿತ್ರಗಳು ಬಹುಕಾಲ ಮರೆಯಾಗಿದ್ದು, ಬರ್ಲಿನ್ ನಗರದ ಆರ್ಸೆನಾಲ್ ಎಂಬ ಚಿತ್ರಸಂಸ್ಥೆಯ ಪ್ರಯತ್ನದಿಂದ ಪುನಃ ಶುದ್ಧಗೊಳಿಸಲ್ಪಟ್ಟು ಹೊಸ ರೂಪದಲ್ಲಿ ಮತ್ತೆ ಪ್ರದರ್ಶಿತವಾಗುತ್ತಿವೆ. ತಕ್ಕವರ ಅನುಮತಿ ದೊರೆತ ಪಕ್ಷದಲ್ಲಿ, ಮುಂದಿನ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದಂದು ನಿಪ್ಪಾಣಿಯ ಚಿತ್ರವನ್ನು ನಮ್ಮ ಸಭಾಂಗಣದಲ್ಲಿ ತೋರಿಸಬೇಕೆಂದು ಯೋಚಿಸಿದ್ದೇವೆ. ಅದರ ಭಾಷೆ ಮರಾಠಿಯಾದುದರಿಂದ, ಮಾತುಗಳ ಸಾರವನ್ನು ನಮ್ಮ ಕನ್ನಡ ಉಪಾಧ್ಯಾಯಿನಿಯರು ಮುಂಚಿತವಾಗಿ ಓದಿ ಹೇಳುವರು. ಅಂದು ಹಳೆಯ ವಿದ್ಯಾರ್ಥಿನಿಯರು ತಮ್ಮ ತಾಯಂದಿರನ್ನೂ, ಹೊಲಗದ್ದೆ ಕಣಗಳಲ್ಲಿ ದುಡಿಯುವ ನೆರೆಹೊರೆಯ ಹೆಂಗಸರನ್ನೂ ಕರೆತರಬೇಕಾಗಿ ಕೇಳಿಕೊಳ್ಳುತ್ತೇವೆ. ಚಿತ್ರಕ್ಕೆ 25 ನಿಮಿಷ. ಅನಂತರದ ಮಾತುಕತೆಗೆ ಎರಡು ತಾಸುಗಳನ್ನು ಮೀಸಲಾಗಿಟ್ಟಿದ್ದೇವೆ.